ಶುದ್ಧ ರೇಷ್ಮೆ, ಗ್ಯಾರಂಟಿ

ತೂತು ಮೊದಲು ಕಡಲೆಕಾಳಿನಷ್ಟಿತ್ತು. ರಿಪೇರಿಯಾದ ಮೇಲೆ ಇಸ್ತ್ರಿ ಪೆಟ್ಟಿಗೆಯಷ್ಟಾಯಿತು. ಆಕಾರವೂ ಅದರದೇ: ಮುಂದೆ ಚೂಪು, ಹಿಂದೆ ಚಪ್ಪಟೆ. ಬೆರಳಚ್ಚು ತಜ್ಞರನ್ನು ಕರೆಸುವ ತಾಪತ್ರಯವೇ ಇಲ್ಲ. ಅಪರಾಧಿ ತನ್ನ ಅಂಗೈಯನ್ನೇ ಪೂರ್ತಿ ಒತ್ತಿ ಹೋಗಿದ್ದ.

ಸುಟ್ಟದ್ದು ನನ್ನವಳ ಧಾರೆ ಸೀರೆ. ಕುಂಕುಮ ಬಣ್ಣದ ಮೈಸೂರು ಸಿಲ್ಕು, ಅಂಗೈಯಗಲದ ಜರಿ ಅಂಚು. ಅವಳ ತಂಗಿಯ ಮಗಳ ಮದುವೆಗೆ ಉಡೋಣವೆಂದು ಬೀರುವಿನಿಂದ ತೆಗೆದರೆ, ಯಾವುದೋ ಹುಳ ಸೆರಗಿನ ಹತ್ತಿರ ರುಚಿ ನೋಡಿತ್ತು. ರಫೂ ಮಾಡುವವರು ಬೆಂಗಳೂರಿನಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ. ಒಂದು ಅಂಗಡಿಯಲ್ಲಿ ಸಿಕ್ಕವನು ನಿಜಕ್ಕೂ ಕಸುಬುದಾರ. ಅದೇ ಸೀರೆಯ ಒಳಮಡಿಕೆಯಿಂದ ಎಳೆ ಹಿರಿದು, ಕೂದಲಂಥ ಸೂಜಿಗೆ ಪೋಣಿಸಿ, ತೂತಿನ ಮೇಲೆ ಉದ್ದಕ್ಕೊಂದು ಅಡ್ಡಕ್ಕೊಂದು ಹಾಯಿಸುತ್ತ ಅಲ್ಲೇ ಬಟ್ಟೆ ನೇಯ್ದುಬಿಟ್ಟಿದ್ದನಂತೆ. ತೂತು ಎಲ್ಲಿತ್ತೆಂದು ಅವನಿಗೇ ಗೊತ್ತಾಗದ ಹಾಗೆ. ಆ ನೇಯ್ಗೆ ಕೂರಲೆಂದು ಅಂಗಡಿಯ ಹುಡುಗ ಇಸ್ತ್ರಿ ಇಟ್ಟ. ಇಟ್ಟಾಗ ಅವನಿಗೊಂದು ಫೋನು ಬಂತು. ಊರಿಂದ, ಅಕ್ಕನದು. ಅಕ್ಕನ ಜೊತೆ ಎರಡು ಮಾತಾಡದೆ ಫೋನ್ ಇಡುವುದಕ್ಕಾಗುತ್ತದೆಯೇ?

ಅಂಗಡಿಯ ಯಜಮಾನರು ಸಂಭಾವಿತರು. ಮುಚ್ಚಿಡಲಿಲ್ಲ. ಸೀರೆ ಬಿಚ್ಚಿ ತೋರಿಸಿ, ಸುಟ್ಟ ಅಂಚನ್ನು ಬೆರಳಲ್ಲಿ ತಿಕ್ಕಿ ಮೂಸಿದರು. ನನಗೂ ಮೂಸಲು ಕೊಟ್ಟರು. ಕೂದಲು ಸುಟ್ಟ ವಾಸನೆ.

"ನೋಡಿದ್ರಾ ಸಾರ್, ಬೂದಿ ಹೇಗೆ ಪುಡಿಪುಡಿ ಆಯ್ತು? ಪಾಲಿಸ್ಟರ್ ಆಗಿದ್ರೆ ಮಣಿ ಕಟ್ಟಿಕೊಳ್ತಿತ್ತು. ಶುದ್ಧ ರೇಷ್ಮೆ, ಗ್ಯಾರಂಟಿ. ಸುಟ್ಟಿದ್ದಕ್ಕೇ ಗೊತ್ತಾಗಿದ್ದು."

ಸೀತೆಯ ನಂತರ ಬೆಂಕಿಯಿಂದ ಇಷ್ಟು ದೊಡ್ಡ ಪ್ರಮಾಣಪತ್ರ ಪಡೆದದ್ದು ನಮ್ಮ ಮನೆಯ ಸೀರೆಯೇ ಇರಬೇಕು. ಯಜಮಾನರು ಇನ್ನೂ ಒಂದು ಔದಾರ್ಯ ತೋರಿದರು: "ರಫೂ ಚಾರ್ಜು ಮುನ್ನೂರೈವತ್ತು ಬೇಡ ಬಿಡಿ ಸಾರ್." ಮಿಕ್ಕ ಪರಿಹಾರದ ಮಾತೆತ್ತಿದರೆ ರಸೀತಿಯನ್ನು ಮಗುಚಿ ತೋರಿಸಿದರು. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಲ್ಲೊಂದು ಸಂವಿಧಾನವೇ ಇತ್ತು. ಬಣ್ಣ ಹೋದರೆ, ಜರಿ ಕಪ್ಪಾದರೆ, ಮಳೆ ಬಂದರೆ, ಇಲಿ ಬಂದರೆ ಅಂಗಡಿ ಜವಾಬ್ದಾರಿಯಲ್ಲ. ಹಾನಿಯೇ ಆದರೆ ಚಾರ್ಜಿನ ಐದು ಪಟ್ಟಿಗಿಂತ ಹೆಚ್ಚು ಕೊಡುವುದಿಲ್ಲ. ಐದು ಪಟ್ಟೆಂದರೆ ಸಾವಿರದೇಳುನೂರ ಐವತ್ತು. ಅದರಲ್ಲಿ ಇವತ್ತು ಮೈಸೂರು ಸಿಲ್ಕಿನ ಅಂಗಡಿಯೊಳಗೆ ಹೋಗಿ ಎ.ಸಿ.ಯಲ್ಲಿ ಕೂತು ಬರಬಹುದು.

ಮನೆಗೆ ಬಂದಾಗ ನನ್ನವಳು ಅಳಲಿಲ್ಲ, ಬೈಯಲಿಲ್ಲ. ಅಣ್ಣನಿಗೆ ಫೋನ್ ಮಾಡಿದಳು. ಅದು ಅಳುವುದು, ಬೈಯುವುದು ಎರಡಕ್ಕಿಂತಲೂ ಗಂಭೀರ.

ಭಾವ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯಾದಾಗಿನಿಂದ ಒಂದು ಒಳ್ಳೆಯ ಕೇಸಿಗಾಗಿ ಕಾದಿದ್ದರು. ಸಂಜೆಯೊಳಗೆ ಬಂದು, ಕಾಫಿಯನ್ನೂ ಮುಟ್ಟದೆ 1872ರ ಕರಾರು ಕಾಯ್ದೆಯಿಂದ ಶುರು ಮಾಡಿದರು. ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಕೆಲಸಕ್ಕಾಗಿ ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕಾದ ವ್ಯವಹಾರ 148ನೇ ಕಲಮಿನದು. ಇಟ್ಟುಕೊಂಡವನು ಅದನ್ನು ಎಷ್ಟು ಜೋಪಾನ ಮಾಡಬೇಕು? ಸಾಮಾನ್ಯ ವಿವೇಕವುಳ್ಳ ಮನುಷ್ಯ ಅಂಥದೇ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು. ಅದು 151.

ನನಗೊಂದು ಆತಂಕ ಹುಟ್ಟಿತು. "ಭಾವ, ಆ ಹುಡುಗ ಹಾಕಿಕೊಂಡಿದ್ದ ಶರ್ಟಿನ ಬೆನ್ನ ಮೇಲೂ ಇಸ್ತ್ರಿ ಪೆಟ್ಟಿಗೆಯ ಅಚ್ಚಿತ್ತು. ತನ್ನ ಬಟ್ಟೆಯ ಹಾಗೇ ನಮ್ಮದನ್ನೂ ನೋಡಿಕೊಂಡಿದ್ದಾನಲ್ಲ?"

"ಕಾಯ್ದೆ ಅವನ ವಿವೇಕ ಕೇಳೋದಿಲ್ಲ ಕಣಯ್ಯ, ಸಾಮಾನ್ಯ ವಿವೇಕ ಕೇಳುತ್ತೆ," ಎಂದರು ಭಾವ, ಅಪೀಲಿಗೆ ಅವಕಾಶವಿಲ್ಲದ ದನಿಯಲ್ಲಿ. "ಜೋಪಾನ ಮಾಡಿದ್ದೆ ಅಂತ ಸಾಬೀತು ಮಾಡೋ ಹೊಣೇನೂ ಅಂಗಡಿಯವನದೇ. ನಿಂದಲ್ಲ."

ರಸೀತಿಯ ಬೆನ್ನಿನ ಸಂವಿಧಾನಕ್ಕೂ ಅವರಲ್ಲಿ ಮದ್ದಿತ್ತು. 1960ರ ದಶಕದಲ್ಲೇ ಮದ್ರಾಸ್ ಹೈಕೋರ್ಟಿಗೆ ಇಂಥದೇ ಸೀರೆಯೊಂದು ಹೋಗಿತ್ತಂತೆ. ಲಾಂಡ್ರಿಯವರು ಹೊಸ ಸೀರೆ ಕಳೆದುಹಾಕಿ, ರಸೀತಿಯ ಹಿಂದೆ ಅಚ್ಚು ಹಾಕಿಸಿದ ಪ್ರಕಾರ ಬೆಲೆಯ ಶೇಕಡಾ 15 ಮಾತ್ರ ಕೊಡುತ್ತೇವೆಂದರು. ನ್ಯಾಯಾಲಯ ಒಪ್ಪಲಿಲ್ಲ. ಹಾಗೆ ಬಿಟ್ಟರೆ ಹೊಸ ಬಟ್ಟೆಯನ್ನು ರೂಪಾಯಿಗೆ ಹದಿನೈದು ಪೈಸೆಯಂತೆ ಕೊಂಡ ಹಾಗಾಗುತ್ತದೆ, ಅಂಗಡಿಯವರೆಲ್ಲ ಕಳೆಯುವುದನ್ನೇ ಕಸುಬು ಮಾಡಿಕೊಂಡಾರು. ಮಾತು ಭಾವನದು; ತೀರ್ಪಿನ ದಿಕ್ಕೂ ಅದೇ.

ಗ್ರಾಹಕರ ಆಯೋಗಕ್ಕೆ ಹೋಗುವುದೆಂದು ತೀರ್ಮಾನವಾಯಿತು. 2019ರ ಕಾಯ್ದೆ ಬಂದ ಮೇಲೆ ಅದು ಭಯಂಕರ ಸಲೀಸು. ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಬೇಕೇಬೇಕೆಂದಿಲ್ಲ, ಎರಡು ವರ್ಷದ ಗಡುವು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಮ್ಮದು ಕೊಡಬೇಕಾಗಿದ್ದದ್ದೇ ಮುನ್ನೂರೈವತ್ತು, ಸಾಕಷ್ಟು ಒಳಗೇ ಇದ್ದೆವು.

ಒಂದೇ ತೊಡಕು. ಸೀರೆಯ ಬೆಲೆ ಎಷ್ಟೆಂದು ಬರೆಯುವುದು? ಈಗಿನ ಮೈಸೂರು ಸಿಲ್ಕಿಗೆ ಕಸೂತಿಯ ಸಂಖ್ಯೆಯೇ ಇರುತ್ತದೆ. ನಮ್ಮದು 1989ರದು, ಬಿಲ್ಲೂ ಇಲ್ಲ, ಸಂಖ್ಯೆಯೂ ಇಲ್ಲ. ಭಾವ ಊರ ಮನೆಯ ಟ್ರಂಕು ತೆಗೆಸಿ ಮಾವನವರ ಮದುವೆ ಖರ್ಚಿನ ಲೆಕ್ಕದ ಪುಸ್ತಕ ತರಿಸಿದರು. ಮಾವನವರು ಬಾಳೆ ಎಲೆಯ ಕಟ್ಟಿಗೂ ಲೆಕ್ಕ ಬರೆದಿಟ್ಟ ಪುಣ್ಯಾತ್ಮರು. ಸಿಕ್ಕಿತು: "ಧಾರೆ ಸೀರೆ, 1,850." ಅದರ ಕೆಳಗಿನ ಸಾಲನ್ನು ಯಾರೂ ಓದಬೇಕಾಗಿರಲಿಲ್ಲ. ನನ್ನವಳು ಓದಿದಳು: "ವರನ ಸೂಟು, 2,200."

ಮುಂದಿನ ಅರ್ಧ ಗಂಟೆ ಆ ಕೋಣೆಯಲ್ಲಿ ನಡೆದ ವಿಚಾರಣೆಗೂ ಅಂಗಡಿಯವರಿಗೂ ಸಂಬಂಧವಿರಲಿಲ್ಲ. ಸೂಟನ್ನು ಮದುವೆಯ ಆರತಕ್ಷತೆ ಬಿಟ್ಟರೆ ಮತ್ತೆಲ್ಲಿ ಹಾಕಿದ್ದೀರಿ? ಈಗ ಅದು ಎಲ್ಲಿದೆ? ನಾನು ಸುಮ್ಮನಿದ್ದೆ. ಈ ಬಗೆಯ ಹಾನಿಗೆ ಕಾಲಮಿತಿ ಎರಡೇ ವರ್ಷವೆಂದು ಹೇಳುವ ಧೈರ್ಯ ಭಾವನಿಗೂ ಬರಲಿಲ್ಲ.

ನೋಟಿಸು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಅಂಗಡಿಯ ಯಜಮಾನರೇ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಹಳೇ ಸೀರೆಗೆ ಸವಕಳಿ ಕಳೆಯಬೇಕೆಂದು ಅವರ ವಾದ. ಮೈಸೂರು ಸಿಲ್ಕಿನ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಇರುತ್ತದೆ, ಬೆಳ್ಳಿಗೆಲ್ಲಿಯ ಸವಕಳಿ ಎಂದು ಭಾವನ ಪಾಟೀಸವಾಲು. ಅಡಕೆ ಎಲೆ ತಟ್ಟೆ ಖಾಲಿಯಾಗುವ ಹೊತ್ತಿಗೆ ಒಂಬತ್ತು ಸಾವಿರಕ್ಕೆ ಬಂದು ನಿಂತಿತು.

ಹಣ ಎಣಿಸಿಟ್ಟು ಯಜಮಾನರು ಸೀರೆಯತ್ತ ಕೈ ಚಾಚಿದರು. "ಪೂರ್ತಿ ಬೆಲೆ ಕೊಟ್ಟ ಮೇಲೆ ಮಾಲು ನಮ್ದು, ಅಲ್ವಾ ಸಾರ್?"

ಭಾವ ಧರ್ಮಸಂಕಟಕ್ಕೆ ಬಿದ್ದರು. ಗುಜರಿಯಾದ ಕಾರಿಗೆ ಪೂರ್ತಿ ಹಣ ಕೊಟ್ಟರೆ ವಿಮೆಯವರು ಕಾರನ್ನು ಒಯ್ಯುತ್ತಾರೆ, ನ್ಯಾಯ ನ್ಯಾಯವೇ. "ಅವರು ಹೇಳೋದು ಸರಿ ಕಣಮ್ಮ," ಎಂದರು ತಂಗಿಗೆ.

"ನನ್ನ ಧಾರೆ ಸೀರೇನ ಜರಿಯವನಿಗೆ ಹಾಕ್ತಾರೆ. ಅವನು ಬೆಳ್ಳಿ ತೆಗೆಯೋಕೆ ಅಂತ ಮತ್ತೆ ಸುಡ್ತಾನೆ. ಕೊಡಲ್ಲ," ಎಂದಳು ಇವಳು.

ಹಾಗಾದರೆ ಜರಿಯ ಬೆಲೆ ಕಳೆಯಬೇಕು. ಬೆಳ್ಳಿಗೆ ಸವಕಳಿಯಿಲ್ಲವೆಂದು ಈಗಷ್ಟೇ ಸಾಧಿಸಿದ್ದ ಭಾವ ಬಾಯಿ ಬಿಡುವ ಹಾಗಿರಲಿಲ್ಲ. ಎರಡು ಸಾವಿರದ ಎಂಟುನೂರು ಕಳೆದು ಆರು ಸಾವಿರದ ಇನ್ನೂರು ಉಳಿಯಿತು. ಅಂದರೆ ನಮ್ಮ ಸುಟ್ಟ ಸೀರೆಯನ್ನು ನಾವೇ ಎರಡು ಸಾವಿರದ ಎಂಟುನೂರಕ್ಕೆ ಕೊಂಡೆವು.

ಚಪ್ಪಲಿ ಮೆಟ್ಟುವಾಗ ಯಜಮಾನರು ತಿರುಗಿ ನಿಂತರು. "ಅಮ್ಮಾ, ಸುಟ್ಟಿರೋದು ಒಂದು ಮೊಳಾನೂ ಇಲ್ಲ. ಅದನ್ನ ಬಿಟ್ಟು ಕತ್ತರಿಸಿದ್ರೆ ಚಿಕ್ಕಮಕ್ಕಳಿಗೆ ಎರಡು ಲಂಗ ಆರಾಮಾಗಿ ಬರ್ತದೆ. ನಮ್ಮಲ್ಲೇ ಒಳ್ಳೇ ಟೈಲರ್ ಇದ್ದಾನೆ. ನಿಮಗೆ ಕನ್ಸೆಷನ್ ಮಾಡಿಕೊಡ್ತೀನಿ."

ನನ್ನವಳು ಸೀರೆಯನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು.

"ಇಸ್ತ್ರಿ ಮಾಡೋದು ಯಾರು?" ಎಂದಳು.