ಚಿರಾಯು ದೀಪ

ಹಳೆಯ ಬಲ್ಬು ತನ್ನ ಸಾವಿನ ವಿಷಯದಲ್ಲಿ ಯಾರಿಗೂ ಸಂಶಯವನ್ನು ಉಳಿಸುತ್ತಿರಲಿಲ್ಲ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ಬಂದ ತರುವಾಯ ಹೆಚ್ಚುಕಡಿಮೆ ಒಂದು ಶತಮಾನ ಕಾಲ, ನಲವತ್ತು ಕ್ಯಾಂಡಲಿನದಾಗಲಿ ಅರವತ್ತು ಕ್ಯಾಂಡಲಿನದಾಗಲಿ, ಅದು ಒಮ್ಮೆ ಫಕ್ಕನೆ ಉಜ್ವಲವಾಗಿ ಬೆಳಗಿ ಆ ಕ್ಷಣದಲ್ಲಿಯೇ ಪ್ರಾಣ ಬಿಡುತ್ತಿತ್ತು. ಮನೆಯ ಯಜಮಾನನು ಅದನ್ನು ಕಳಚಿ, ಕಿವಿಯ ಬಳಿ ಹಿಡಿದು ಅಲುಗಿಸಿ, ತುಂಡಾದ ತಂತಿಯ ಕಿಣಿಕಿಣಿಯನ್ನು ಆಲಿಸಿ ಮರಣವನ್ನು ಘೋಷಿಸುವನು. ಹಸ್ತಕೌಶಲವುಳ್ಳ ಕೆಲವರು ಮಾತ್ರ ಹಾಗೆಯೇ ಅಲುಗಿಸುತ್ತ ಕಡಿದ ತುದಿಗಳನ್ನು ಒಂದಕ್ಕೊಂದು ತಗುಲಿಸಿ, ಮೃತಸಂಜೀವಿನಿಯನ್ನು ಬಲ್ಲವರಂತೆ ಬೀಗುತ್ತ, ಅದನ್ನು ಇನ್ನೂ ಕೆಲವು ದಿನ ಉರಿಸುವರು.

ಎಲ್‌ಇಡಿ ಬಲ್ಬಿನ ಮರಣವಾದರೋ ವಾದವಿವಾದಕ್ಕೆ ಎಡೆಗೊಡುವಂಥದು. ಅದು ಮಂಕಾಗುತ್ತದೆ, ಕಣ್ಣು ಮಿಟುಕಿಸುತ್ತದೆ, ಕಾದೊಡನೆ ಆರಿ, ತಣ್ಣಗಾದೊಡನೆ ಮತ್ತೆ ಹತ್ತಿಕೊಳ್ಳುತ್ತದೆ. ಡಬ್ಬಿಯ ಮೇಲೆ 25,000 ಗಂಟೆಗಳ ಆಯುಷ್ಯವೆಂದು ಅಚ್ಚಾಗಿರುತ್ತದೆಯಷ್ಟೆ. ದಿನಕ್ಕೆ ಐದು ಗಂಟೆಯಂತೆ ಉರಿಸಿದರೆ ಇದು 13 ವರ್ಷಗಳಿಗೂ ಮಿಕ್ಕಿದ ಕಾಲ. ಮಗನಿಗೆ ಇನ್ನೂ ಹೆಣ್ಣು ನೋಡುತ್ತಿರುವ ಗೃಹಸ್ಥನು ಕೂಡ ಮೊಮ್ಮಗನ ಅಕ್ಷರಾಭ್ಯಾಸವು ಇದೇ ಬೆಳಕಿನಲ್ಲಿ ನಡೆಯುವುದೆಂಬ ಭರವಸೆಯಿಂದ ಅದನ್ನು ಕೊಂಡು ತರುತ್ತಾನೆ. (1924ರಲ್ಲಿ ಜಿನೀವಾದಲ್ಲಿ ಕೂಟ ಕಟ್ಟಿಕೊಂಡ ಬಲ್ಬು ತಯಾರಕರು, ಯಾವ ಬಲ್ಬೂ ಸಾವಿರ ಗಂಟೆಗಿಂತ ಬಹಳ ಹೆಚ್ಚು ಬಾಳಕೂಡದೆಂದು ತಮ್ಮೊಳಗೇ ಕಟ್ಟಳೆ ಮಾಡಿಕೊಂಡಿದ್ದರು, ಅವರ ದುರ್ಬುದ್ಧಿಯಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಾದರೂ ಇದ್ದಿತು.) ಈ ಹೊಸ ಲೆಕ್ಕದಲ್ಲಿ ಆಯುಷ್ಯವೆಂದರೆ, ಸಾಮಾನ್ಯವಾಗಿ, ಬೆಳಕು ಮೊದಲಿನ ಶೇಕಡಾ 70ಕ್ಕೆ ಇಳಿಯುವವರೆಗಿನ ಕಾಲ. ಆ ಇಳಿತವು ಎಷ್ಟು ಮಂದಗತಿಯದೆಂದರೆ ದೀಪವನ್ನು ಯಾರೂ ದೂರುವುದಿಲ್ಲ. ಪತ್ರಿಕೆ ಓದುವ ಹಿರಿಯರಿಗೆ ಕಣ್ಣಿನ ಪೊರೆ ಬಂದಿರಬೇಕೆಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸುತ್ತಾರೆ. ಇನ್ನು ವಾರಂಟಿಯ ಮಾತು. ಅದಕ್ಕೆ ಬಿಲ್ಲು ಬೇಕು. ಅಂಗಡಿಯ ಯಂತ್ರದಿಂದ ಹೊರಬಂದ ಆ ನುಣುಪು ಕಾಗದದ ಅಕ್ಷರಗಳಾದರೋ ಬಲ್ಬಿಗಿಂತ ಮೊದಲೇ ಮಸುಕಾಗಿ ಅಂತರ್ಧಾನ ಹೊಂದಿರುತ್ತವೆ.

ಹೀಗೆ ಅಕಾಲದಲ್ಲಿ ಆರಿದ ಒಂದು ಬಲ್ಬಿನ ಬಿಳಿಯ ಟೋಪಿಯನ್ನು ನಮ್ಮ ಎಲೆಕ್ಟ್ರಿಷಿಯನ್ನು ಒಮ್ಮೆ ಬಿಚ್ಚಿ ತೋರಿಸಿ, “ನೋಡಿ ಸಾರ್, ಎಲ್‌ಇಡಿಗೆ ಏನೂ ಆಗಿಲ್ಲ. ಡ್ರೈವರ್ ಹೋಗಿದೆ,” ಎಂದನು. ದೇವರು ಗರ್ಭಗುಡಿಯಲ್ಲಿ ಕ್ಷೇಮವಾಗಿಯೇ ಇದ್ದಾನೆ, ಪಾರುಪತ್ತೇಗಾರನು ತೀರಿಕೊಂಡದ್ದರಿಂದ ಬಾಗಿಲು ತೆರೆಯುತ್ತಿಲ್ಲ ಎಂಬಂತಾಯಿತು. ದೇವರೇನು ಸಾಮಾನ್ಯನೆ! ಬಿಳಿಯ ಬೆಳಕಿಗೆ ಮೂಲವಾದ ನೀಲಿಯ ಬೆಳಕನ್ನು ಸಾಧಿಸಿಕೊಟ್ಟುದಕ್ಕಾಗಿ ಅಕಸಾಕಿ, ಅಮಾನೋ, ನಕಮುರ ಎಂಬ ಮೂವರು ವಿಜ್ಞಾನಿಗಳು 2014ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಅಂತಹ ಮೂರ್ತಿಯ ನಿತ್ಯಸೇವೆಗೆ, ಮನೆಗೆ ಬರುವ 230 ವೋಲ್ಟಿನ ಪ್ರವಾಹವನ್ನು ಪಳಗಿಸಿ ಮಿತವಾಗಿ ಒದಗಿಸಬೇಕಾದ ಹುದ್ದೆಗೆ, ಎಲ್ಲರಿಗಿಂತ ಕಡಿಮೆ ಸಂಬಳಕ್ಕೆ ಒಪ್ಪಿದವನನ್ನು ನೇಮಿಸಿರುತ್ತಾರೆ. ಅವನ ಉದರದಲ್ಲಿ ಕೆಪಾಸಿಟರ್ ಎಂಬ ಪುಟ್ಟ ಉರುಳೆಯಿದೆ. ಅದರೊಳಗೆ ತುಸು ದ್ರವವಿದೆ. ಸೆಖೆಗೆ ಆ ದ್ರವ ಆರುತ್ತ ಬರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುವುದೆಂದು ಬಲ್ಲವರ ಲೆಕ್ಕ. ಹೀಗಿರಲು ನಾವು ಅಂದಚಂದಕ್ಕೆ ಮರುಳಾಗಿ ಬಲ್ಬನ್ನು ತಲೆಕೆಳಗಾಗಿ ತೂಗುಹಾಕಿ, ಸುತ್ತ ಗಾಜಿನ ಗುಂಡನ್ನು ಮುಚ್ಚಿ, ಮೇಲೇರಿದ ಬಿಸಿಯೆಲ್ಲ ಪಾರುಪತ್ತೇಗಾರನ ಬಿಡಾರದಲ್ಲಿಯೇ ಶೇಖರವಾಗುವಂತೆ ಏರ್ಪಡಿಸುತ್ತೇವೆ.

ಪಾರುಪತ್ತೇಗಾರನು ಸದಾ ಅಪರಾಧಿಯೆಂದು ಹೇಳಲಾಗದು. ಒಳಗಿನ ಹಳದಿ ಬಿಂದುಗಳು ಒಂದರ ಹಿಂದೊಂದು ಪೋಣಿಸಲ್ಪಟ್ಟಿರುವುದರಿಂದ, ಅವುಗಳಲ್ಲಿ ಒಂದು ಸುಟ್ಟು ಕಡಿದುಹೋದರೂ ಉಳಿದವು ಸಹಗಮನ ಮಾಡುತ್ತವೆ. ಸುಟ್ಟ ಬಿಂದುವಿನ ನಡುವೆ ಅನೇಕ ವೇಳೆ ಒಂದು ಕರಿಯ ಚುಕ್ಕೆ ಕಾಣುತ್ತದೆ. ಅದನ್ನು ನೋಡಿದ ನನ್ನ ಸೋದರತ್ತೆ, “ದೃಷ್ಟಿಬೊಟ್ಟು ಇಟ್ಟ ಮೇಲೂ ಹೋಯಿತೇನಪ್ಪ?” ಎಂದು ವ್ಯಸನಪಟ್ಟರು.

ಬಲ್ಬು ಮಂಕಾದಾಗ ಅದನ್ನು ಮತ್ತೊಂದು ಹೋಲ್ಡರಿಗೆ ಹಾಕಿ ನೋಡುವುದೇ ಮೊದಲ ವಿವೇಕ. ಅಲ್ಲಿ ಚೆನ್ನಾಗಿ ಉರಿದರೆ ಬಲ್ಬು ನಿರ್ದೋಷಿ; ಹೋಲ್ಡರಿನ ಸ್ಪ್ರಿಂಗು ಸಡಿಲಿಸಿಯೋ ಕಿಲುಬು ಹಿಡಿದೋ ಇರಬೇಕು, ಮೇನ್ ಸ್ವಿಚ್ಚನ್ನು ಆರಿಸದೆ ಅದರೊಳಗೆ ಬೆರಳಿಡತಕ್ಕದ್ದಲ್ಲ. ಮನೆಯ ದೀಪಗಳೆಲ್ಲವೂ ಏಕಕಾಲಕ್ಕೆ ಏರಿಳಿದರೆ ಅದು ನ್ಯೂಟ್ರಲ್ ತಂತಿ ಸಡಿಲವಾಗಿರುವುದರ ಸೂಚನೆಯಿರಬಹುದು. ಆಗ ಚರ್ಚೆಗೆ ಕುಳಿತುಕೊಳ್ಳದೆ ಲೈನ್‌ಮ್ಯಾನನ್ನು ಕರೆಸುವುದು ಲೇಸು. ಈ ಕ್ರಮವೆಲ್ಲ ನನ್ನ ಭಾವಮೈದುನನಿಗೆ ರುಚಿಸುವುದಿಲ್ಲ. ಅವನು ಇಂದಿಗೂ ಎಲ್‌ಇಡಿ ಬಲ್ಬನ್ನು ಕಿವಿಯ ಬಳಿ ಅಲುಗಿಸಿ, ಏನನ್ನೋ ಕೇಳಿಸಿಕೊಂಡವನಂತೆ ತಲೆದೂಗುತ್ತಾನೆ.

ಸತ್ತ ಬಲ್ಬಿಗಿಂತ ಹೆಚ್ಚು ಕಳವಳವನ್ನು ತಂದುದು ಸಾಯಲೊಪ್ಪದ ಒಂದು ಬಲ್ಬು. ಬಚ್ಚಲಿನ ಹಾದಿಯ ಆ ದೀಪವು ಸ್ವಿಚ್ಚನ್ನು ಆರಿಸಿದ ಮೇಲೂ ರಾತ್ರಿಯೆಲ್ಲ ಮಿಣಿಮಿಣಿ ಎನ್ನುತ್ತಿತ್ತು. ಇಂಡಿಕೇಟರ್ ಇರುವ ಸ್ವಿಚ್ಚಾದರೆ ಅದರ ಕಿರುದೀಪದ ಮೂಲಕ ನುಸುಳುವ ಅತ್ಯಲ್ಪ ಪ್ರವಾಹವೇ ಇದಕ್ಕೆ ಸಾಕು; ನಮ್ಮದು ಸಾದಾ ಸ್ವಿಚ್ಚು. ಎಲೆಕ್ಟ್ರಿಷಿಯನ್ನು ಟೆಸ್ಟರ್ ಇಟ್ಟು ನೋಡಿ, ಸ್ವಿಚ್ಚನ್ನು ಫೇಸಿಗೆ ಕೊಡುವ ಬದಲು ನ್ಯೂಟ್ರಲ್ಲಿಗೆ ಕೊಟ್ಟಿದ್ದಾರೆಂದು ಸಾರಿದನು.

“ಅದು ಹಾಗೇ ಇರಲಿ ಬಿಡಪ್ಪ, ರಾತ್ರಿ ಬಚ್ಚಲಿಗೆ ಹೋಗೋದಕ್ಕೆ ಅನುಕೂಲವಾಗಿದೆ,” ಎಂದರು ಅತ್ತೆ.

“ಹಾಗೆ ಬಿಡಬಾರದು ಅಜ್ಜಿ. ಸ್ವಿಚ್ ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತೆ, ಬಲ್ಬು ಬದಲಾಯಿಸೋಕೆ ಹೋದವರಿಗೆ ಶಾಕ್ ಹೊಡೆಯುತ್ತೆ.”

ಅವನು ಹೇಳಿದ್ದು ಸರಿ. ಮೇನ್ ಆರಿಸಿ ತಂತಿಗಳನ್ನು ಅದಲುಬದಲು ಮಾಡಿದನು, ಮಿಣುಕು ನಿಂತಿತು. ಕೂಲಿಯನ್ನು ಎಣಿಸಿಕೊಡುವ ಹೊತ್ತಿಗೆ ಅತ್ತೆ ಅಡ್ಡಬಂದು, ಇನ್ನು ಮುಂದೆ ಆ ಹಾದಿಗೆ ಬೇರೆಯಾಗಿ ಕೊಳ್ಳಬೇಕಾದ ಝೀರೋ ಬಲ್ಬಿನ ಬೆಲೆಯನ್ನು ಅದರಲ್ಲಿ ಮುರಿದುಕೊಳ್ಳತಕ್ಕದ್ದೆಂದು ಪಟ್ಟು ಹಿಡಿದರು.