ಹನ್ನೊಂದು ಕೆವಿ ಲೈನಿನ ಪಕ್ಕದ ಅಕೇಶಿಯಾ ಮರಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಅಕೇಶಿಯಾ ಮರದವರು,
ಹಳ್ಳದ ತಿರುವಿನ ಕಂಬದ ಎಡಬದಿ,
ಮಲೆನಾಡು.

ವಿಷಯ: ತಾವು ಬೀಳುವ ದಿನಾಂಕವನ್ನು ಮುಂಚಿತವಾಗಿ ತಿಳಿಸುವ ಕುರಿತು.
ಉಲ್ಲೇಖ: ತಮ್ಮ ಪಕ್ಕದ ಮರದವರು ಕಳೆದ ಆಷಾಢದಲ್ಲಿ ತಂತಿಯ ಮೇಲೆ ಪವಡಿಸಿದ್ದು.

ಮಾನ್ಯರೇ,

ಕರೆಂಟಿನ ವಿಷಯಕ್ಕೆ ಮರಕ್ಕೇಕೆ ಅರ್ಜಿ ಎಂದು ತಮಗೆ ಅನ್ನಿಸಬಹುದು. ಕೇಳಬೇಕಾದವರನ್ನೆಲ್ಲ ಕೇಳಿಯೇ ಇಲ್ಲಿಗೆ ಬಂದಿದ್ದೇವೆ. ಸಹಾಯವಾಣಿಯವರು ಸೆಕ್ಷನ್ ಆಫೀಸಿಗೆ ಕೇಳಿ ಎನ್ನುತ್ತಾರೆ. ಸೆಕ್ಷನ್ ಆಫೀಸಿನವರು ಲೈನ್‌ಮ್ಯಾನ್‌ಗೆ ಕೇಳಿ ಎನ್ನುತ್ತಾರೆ. ಲೈನ್‌ಮ್ಯಾನ್ ಫೋನೆತ್ತಿದರೆ, "ಮರ ಬಿದ್ದದೆ ಕಣ್ರೀ" ಎಂದು ಒಂದೇ ಮಾತು. ಅದರ ಮೇಲೆ ಅಪೀಲಿಲ್ಲ. ಹೀಗಾಗಿ ಈ ಫೀಡರಿನಲ್ಲಿ ಕೊನೆಯ ತೀರ್ಮಾನ ಯಾರದ್ದು ಎಂಬುದು ನಮಗೆ ಖಚಿತವಾಗಿದೆ. ಮೇಲಧಿಕಾರಿಗಳನ್ನೇ ನೇರವಾಗಿ ಕಾಣೋಣ ಎಂದು ಈ ಪತ್ರ.

ತಮ್ಮ ಸೇವಾ ದಾಖಲೆಯನ್ನು ಗಮನಿಸಿದ್ದೇವೆ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿಯ ಕಡೆಯವರು ತಾವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ, ಸೌದೆ, ಕಾಗದದ ಗಿರಣಿಗೆ ಪಲ್ಪು ಎಂಬ ಹೆಸರಿನಲ್ಲಿ ಬೋಳುಗುಡ್ಡಗಳ ತುಂಬ ತಮ್ಮ ನೇಮಕಾತಿಯಾಯಿತು. ಬೇಗ ಬೆಳೆದಿರಿ, ದನ ಬಾಯಿ ಹಾಕಲಿಲ್ಲ, ಆದ್ದರಿಂದ ಇಲಾಖೆಯ ಅಚ್ಚುಮೆಚ್ಚು. ಬೇರು ಆಳಕ್ಕಿಲ್ಲ, ಕೊಂಬೆ ಪಟ್ಟನೆ ಮುರಿಯುತ್ತದೆ ಎಂಬುದೆಲ್ಲ ಆಮೇಲೆ ತಿಳಿದ ಗುಣಗಳು. ಆ ಹೊತ್ತಿಗೆ ತಾವು ಕಾಯಂ ಆಗಿದ್ದಿರಿ.

ತಮ್ಮ ಕಾರ್ಯವ್ಯಾಪ್ತಿಯೂ ನಮಗೆ ಗೊತ್ತು. ಶರಾವತಿಯ ಕರೆಂಟು ಘಟ್ಟದಿಂದ ಹೊರಗೆ ಹೋಗುವ 220 ಕೆವಿ ಲೈನಿನ ಹತ್ತಿರ ತಾವು ಸುಳಿಯುವಂತಿಲ್ಲ. ಕಾಡಿನೊಳಗೆ ಅಂಥ ಲೈನಿಗೆ ಅರಣ್ಯ ಮಾರ್ಗಸೂಚಿಯಲ್ಲಿ 35 ಮೀಟರ್ ಅಗಲದ ದಾರಿ ಇದೆ. ಗುಡ್ಡದ ನೆತ್ತಿಯ ಮೇಲೆ ಬೈತಲೆ ತೆಗೆದು ಹೋದ ಆ ದಾರಿಯಲ್ಲಿ ಗಿಡ ತಲೆ ಎತ್ತಿದರೂ ಸವರುತ್ತಾರೆ. ನಮ್ಮ ಕಡೆಗೆ ಬರುವ 11 ಕೆವಿ ಲೈನಿಗೆ 7 ಮೀಟರ್. ಅಂದರೆ ತಂತಿಯಿಂದ ಒಂದೊಂದು ಬದಿಗೆ ಮೂರೂವರೆ ಮೀಟರ್. ಹದಿನೈದು ಮೀಟರ್ ಎತ್ತರ ಬೆಳೆದ ತಮಗೆ ಮೂರೂವರೆ ಮೀಟರ್ ಒಂದು ದೂರವೇ? ನಿಯಮ ಪೂರ್ತಿ ಪಾಲಿಸಿ ನಿಂತುಕೊಂಡೇ, ಬೀಳುವಾಗ ತಂತಿಯನ್ನು ಆರಾಮವಾಗಿ ತಬ್ಬಿಕೊಳ್ಳಬಹುದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಅಲ್ಲಿ ಊರು ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ತಮ್ಮ ಕೃಪೆಯಲ್ಲಿದ್ದಾರೆ. ಅಲ್ಲಿ ಹುಟ್ಟಿದ ಕರೆಂಟು ತಮ್ಮನ್ನು ತಪ್ಪಿಸಿಕೊಂಡು ಪಟ್ಟಣ ಸೇರಿದೆ.

ಸರ್ಕಾರವನ್ನು ದೂರುತ್ತಿಲ್ಲ. 2023ರಿಂದ ಗೃಹಜ್ಯೋತಿಯಲ್ಲಿ, 200 ಯೂನಿಟ್ ಮಿತಿಯೊಳಗೆ, ನಮ್ಮ ಬಿಲ್ಲು ಸೊನ್ನೆ. ಮಳೆಗಾಲದಲ್ಲಿ ಕರೆಂಟೂ ಬಿಲ್ಲನ್ನೇ ಅನುಸರಿಸುತ್ತದೆ, ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ತಾವು ಬಿದ್ದಾಗ ಮನೆಯಲ್ಲಿ ಬೆಳಕಿರಬೇಕೆಂದು ಏನಾದರೂ ಕೊಳ್ಳೋಣ ಎಂದು ಪೇಟೆಯ ಅಂಗಡಿಗೆ ಹೋದೆವು. ಅಂಗಡಿಯವರು ಕೇಳಿದ್ದು ಒಂದೇ: "ಎಷ್ಟು ಲೈಟು, ಎಷ್ಟು ಫ್ಯಾನು, ಟಿವಿ ಇದೆಯಾ?" ತಮ್ಮ ಬಗ್ಗೆ ಒಂದು ಮಾತು ಕೇಳಲಿಲ್ಲ. ಕರೆಂಟು ಹೋದರೆ ಎಷ್ಟು ಹೊತ್ತು ಹೋಗುತ್ತದೆ, ಯಾವ ತಿಂಗಳಲ್ಲಿ ಹೋಗುತ್ತದೆ, ನಡುವೆ ಬಂದರೆ ಎಷ್ಟು ಹೊತ್ತು ಇರುತ್ತದೆ, ಇದಾವುದೂ ಅವರಿಗೆ ಬೇಡ. ಬೆಂಗಳೂರಿನಲ್ಲಿರುವ ಭಾವನ ಮಗನಿಗೂ ಬೇಡ. "850 ವಿಎ ಇನ್ವರ್ಟರು, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಕಣ್ಣುಮುಚ್ಚಿ ತಗೊಳಿ ಮಾವ" ಎಂದ. ಅವನ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗುವುದು ಮುಕ್ಕಾಲು ಗಂಟೆ. ಮಿಕ್ಕ ಇಪ್ಪತ್ತಮೂರು ಗಂಟೆ ಬ್ಯಾಟರಿ ಹಾಯಾಗಿ ತುಂಬಿಕೊಳ್ಳುತ್ತದೆ. ಅಲ್ಲಿ ತಮ್ಮಂಥವರಿಲ್ಲ.

ಇನ್ವರ್ಟರ್ ಕಣಜ ಇದ್ದ ಹಾಗೆ; ತುಂಬಿಟ್ಟರೆ ಉಣ್ಣಿಸುತ್ತದೆ, ತಾನಾಗಿ ಒಂದು ಕಾಳೂ ಬೆಳೆಯುವುದಿಲ್ಲ. ಬರಿದಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ತಾವು ಸೋಮವಾರ ಬಿದ್ದು, ಬುಧವಾರ ಲೈನು ಎಳೆದು, ಅರ್ಧ ಗಂಟೆ ಕರೆಂಟು ಕೊಟ್ಟು, ಅಷ್ಟರಲ್ಲಿ ತಮ್ಮ ಸಹೋದ್ಯೋಗಿಯೊಬ್ಬರು ಮತ್ತೆಲ್ಲೋ ಒರಗಿದರೆ ಆ ಬ್ಯಾಟರಿ ಏನು ತುಂಬೀತು? ಸೀಸದ ಬ್ಯಾಟರಿಯನ್ನು ಬರಿದು ಮಾಡಿ ಹಾಗೇ ಬಿಟ್ಟರೆ ಅದರ ಆಯುಸ್ಸೂ ಇಳಿಯುತ್ತದೆ. ಲಿಥಿಯಂ ಬ್ಯಾಟರಿ ಬೇಗ ತುಂಬುತ್ತದಂತೆ, ನಿಜವೇ. ಅದರ ಬೆಲೆ ಕೇಳಿದ ಮೇಲೆ ಅಡಿಕೆ ಧಾರಣೆ ಕೇಳಬೇಕಾಯಿತು.

ಅದಕ್ಕಿಂತ ತಮಾಷೆಯದ್ದು ಡಿಮ್ಮು ಕರೆಂಟಿನದು. ಬೇಸಿಗೆಯಲ್ಲಿ ತೋಟಗಳ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಶುರುವಾದರೆ ಲೈನಿನ ಕೊನೆಯಲ್ಲಿರುವ ನಮ್ಮ ಮನೆಗೆ 230 ವೋಲ್ಟಿನ ಬದಲು 150 ಬರುತ್ತದೆ. ಬಲ್ಬು ಉರಿಯುತ್ತಿರುತ್ತದೆ, ಹಾಗಾಗಿ ದೂರು ಕೊಡುವಂತಿಲ್ಲ. ಆದರೆ ಯುಪಿಎಸ್ ಮೋಡಿನಲ್ಲಿಟ್ಟ ಇನ್ವರ್ಟರು 180ಕ್ಕಿಂತ ಕೆಳಗಿನದನ್ನು ಕರೆಂಟೆಂದೇ ಒಪ್ಪದೆ ಬ್ಯಾಟರಿಗೆ ಹಾರುತ್ತದೆ. ಕರೆಂಟು ಇದ್ದಾಗಲೇ ಬ್ಯಾಟರಿ ಮುಗಿದು, ಹೋದಾಗ ಕೀ ಎಂದು ಕೂಗಿ ಕಣ್ಣುಮುಚ್ಚುತ್ತದೆ. ಇನ್ವರ್ಟರಿನ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ಚಿರುತ್ತದೆ. ಅದನ್ನು ಇನ್ನೊಂದು ಕಡೆಗೆ ತಳ್ಳಿದರೆ ನೂರು ನೂರಿಪ್ಪತ್ತು ವೋಲ್ಟಿನ ತನಕವೂ ಸಹಿಸಿಕೊಳ್ಳುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲ, ರಿಪೇರಿಯವರು ಹೇಳುತ್ತಾರೆ.

ಸೋಲಾರ್ ಹಾಕಿಸಿ ಎಂದವರೂ ಇದ್ದಾರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಮನೆ ಮೇಲೆ ತಯಾರಾದದ್ದು ಲೈನಿಗೆ ಹೋಗುತ್ತದೆ, ಮೀಟರು ಹಿಂದಕ್ಕೆ ಲೆಕ್ಕ ಬರೆಯುತ್ತದೆ. ಒಳ್ಳೆಯದೇ. ಆದರೆ ತಾವು ಬಿದ್ದ ಕೂಡಲೇ ಬ್ಯಾಟರಿಯಿಲ್ಲದ ಈ ಆನ್‌ಗ್ರಿಡ್ ವ್ಯವಸ್ಥೆಯೂ ಬಂದ್! ನೆತ್ತಿಯ ಮೇಲೆ ಸೂರ್ಯ, ಹೆಂಚಿನ ಮೇಲೆ ಪ್ಯಾನಲ್ಲು, ಒಳಗೆ ಚಿಮಣಿ. ಹಾಗೆ ಮಾಡಿರುವುದಕ್ಕೆ ಕಾರಣ ಸರಿಯಾದದ್ದೇ ಇದೆ. ಸತ್ತ ಲೈನೆಂದು ನಂಬಿ ಕಂಬ ಹತ್ತಿದವನಿಗೆ ನಮ್ಮ ಮನೆಯ ಸೂರ್ಯ ಹೊಡೆಯಬಾರದು. ಆದರೆ ಈ ಮಾತು ಅರ್ಜಿ ಹಾಕಿಸುವವರ ಬಾಯಲ್ಲಿ ಬರುವಷ್ಟರಲ್ಲಿ ಮಾಡು ಕೊರೆದು ಕಂಬಿ ಕೂರಿಸಿ ಆಗಿರುತ್ತದೆ. ಬ್ಯಾಟರಿ ಇರುವ ಸೋಲಾರ್ ಬೇರೆ, ಅದು ತಮ್ಮ ಹಂಗಿನಲ್ಲಿಲ್ಲ. ಆದರೆ ಆಷಾಢದ ಮೋಡದಲ್ಲಿ, ಅದೂ ಮನೆಯ ಮೂರೂ ಕಡೆ ಅಡಿಕೆ ಮರ ನೆರಳು ಚೆಲ್ಲಿರುವಲ್ಲಿ, ಪ್ಯಾನಲ್ಲಿನ ಮೇಲೆ ಬರೆದ ವ್ಯಾಟಿನ ಕಾಲು ಭಾಗ ಸಿಕ್ಕರೂ ಹಬ್ಬ.

ಜನರೇಟರ್ ವಿಷಯಕ್ಕೆ ಹೆಚ್ಚು ಮಾತು ಬೇಡ. ಗಂಟೆಗೆ ಅರ್ಧ ಲೀಟರಿನ ಮೇಲೆ ಪೆಟ್ರೋಲ್ ಕುಡಿಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಯಂತ್ರ ಆ ಒಂದು ದಿನ ಕಾರ್ಬುರೇಟರ್ ಕಟ್ಟಿಕೊಂಡು ಕೂತಿರುತ್ತದೆ. ಪೆಟ್ರೋಲ್ ತರಲು ಪೇಟೆಗೆ ಹೋಗೋಣವೆಂದರೆ ರಸ್ತೆಗೆ ಅಡ್ಡ ತಾವೇ ಮಲಗಿರುತ್ತೀರಿ. ಮಳೆ ಎಂದು ಅದನ್ನು ಪಡಸಾಲೆಯೊಳಗೆ ಇಟ್ಟು ಓಡಿಸುವವರಿದ್ದಾರೆ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿದೆ, ಮಲಗಿದವರು ಏಳುವುದಿಲ್ಲ.

ಇನ್ನೊಂದಿದೆ. ಇದನ್ನು ತಮ್ಮ ಹತ್ತಿರ ವ್ಯಂಗ್ಯ ಬಿಟ್ಟು ಹೇಳುತ್ತೇನೆ. ಚೇಂಜ್ ಓವರ್ ಸ್ವಿಚ್ ಹಾಕಿಸದೆ, ಎರಡೂ ತುದಿಗೆ ಪಿನ್ನಿರುವ ವೈರಿನಿಂದ ಜನರೇಟರನ್ನು ಗೋಡೆಯ ಪ್ಲಗ್ಗಿಗೇ ಸಿಕ್ಕಿಸುವ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ. ಆ 230 ವೋಲ್ಟು ಮೀಟರು ದಾಟಿ, ಹಿಮ್ಮುಖವಾಗಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಹೊಕ್ಕು, ಆ ಕಡೆ 11,000 ಆಗಿ ಹೊರಬೀಳಬಹುದು. ಲೈನು ಬಂದ್ ಮಾಡಿಸುವ ಎಲ್‌ಸಿ ತೆಗೆದುಕೊಂಡು, ಸುರಿಯುವ ಮಳೆಯಲ್ಲಿ, ಕೈಗತ್ತಿಯಲ್ಲಿ ತಮ್ಮ ಕೊಂಬೆ ಕಡಿಯುತ್ತಾ ತಂತಿ ಹಿಡಿದಿರುವ ಹುಡುಗ ಅಲ್ಲಿರುತ್ತಾನೆ. ಅವನು ಬಹಳ ಸಲ ಗುತ್ತಿಗೆಯವನು. ನಮ್ಮ ಮನೆಯ ಟಿವಿಯಲ್ಲಿ ಧಾರಾವಾಹಿ ತಪ್ಪಬಾರದೆಂದು ಅವನು ಕಂಬದ ಮೇಲೆ ಸಾಯಬೇಕೆ? ಕೆಲವು ನೂರು ರೂಪಾಯಿಯಿಂದ ಶುರುವಾಗುವ ಸ್ವಿಚ್ಚು ಅದು. ಜನರೇಟರ್ ಕೊಂಡವರಿಗೆ ಅದೊಂದು ದುಬಾರಿ ಅನ್ನಿಸುತ್ತದೆ.

ತಮ್ಮ ಸ್ವಭಾವಕ್ಕೆ ಸರಿಯಾಗಿ ಹೊಂದುವುದು ಒಂದೇ, ಹಳ್ಳದ ನೀರಿನ ಟರ್ಬೈನು. ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ, ಲೈನು ಬರುವ ಮೊದಲೂ ಬಂದ ಮೇಲೂ, ಇದು ತಿರುಗುತ್ತಿದೆ. ಗುಡ್ಡದ ಮೇಲಿನ ಝರಿಗೆ ಸಣ್ಣ ಕಟ್ಟೆ, ಅಲ್ಲಿಂದ ಪೈಪು, ಕೆಳಗೆ ಪುಟ್ಟ ಚಕ್ರ. ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ನೀರು ಬಿದ್ದರೆ, ಪೋಲಾಗುವುದನ್ನೆಲ್ಲ ಕಳೆದು ಒಂದು ಕಿಲೋವ್ಯಾಟ್ ಹತ್ತಿರ ಸಿಗುತ್ತದೆ. ಹಗಲೂ ರಾತ್ರಿ ಸಿಗುತ್ತದೆ ಎಂಬುದು ದೊಡ್ಡದು. ನಾವು ದೀಪ ಆರಿಸಿದರೂ ಚಕ್ರ ನಿಲ್ಲುವುದಿಲ್ಲವಾದ್ದರಿಂದ ಉಳಿದ ಕರೆಂಟನ್ನು ಕಂಟ್ರೋಲರು ಹೀಟರಿಗೆ ತಿರುಗಿಸುತ್ತದೆ; ಬಚ್ಚಲ ಹಂಡೆ ಬಿಸಿಯಾಗುತ್ತದೆ. ನೋಡಿ, ತಮ್ಮನ್ನು ಬೀಳಿಸುವ ಮಳೆಯೇ ಹಳ್ಳವನ್ನೂ ತುಂಬಿಸುತ್ತದೆ. ತಾವು ಉರುಳುವ ತಿಂಗಳಲ್ಲೇ ಅದು ಭರ್ಜರಿಯಾಗಿ ತಿರುಗುತ್ತದೆ, ಶಿವರಾತ್ರಿ ಹೊತ್ತಿಗೆ ಹಳ್ಳ ಸೊರಗಿದಾಗ ತಾವೂ ಸುಮ್ಮನಿರುತ್ತೀರಿ. ಇಷ್ಟು ಚೆಂದದ ಹೊಂದಾಣಿಕೆಯನ್ನು ಯಾವ ಇಲಾಖೆಯೂ ಯೋಜಿಸಿದ್ದಲ್ಲ. ಮಳೆಯಲ್ಲಿ ಕಟ್ಟೆಯ ಜಾಲರಿಗೆ ಸಿಕ್ಕಿದ ತರಗೆಲೆ ತೆಗೆಯಲು ದಿನಾ ಗುಡ್ಡ ಹತ್ತಬೇಕು, ಜಿಗಣೆಗೆ ರಕ್ತ ಕೊಡಬೇಕು. ಆ ತರಗೆಲೆಯಲ್ಲೂ ತಮ್ಮದೇ ಹೆಚ್ಚು. ನಮ್ಮ ದುರದೃಷ್ಟಕ್ಕೆ ನಮ್ಮ ಮನೆ ಹಳ್ಳಕ್ಕಿಂತ ಮೇಲಿದೆ. ಹಿರಿಯರು ನೆರೆ ಬಾರದ ಜಾಗ ನೋಡಿ ಕಟ್ಟಿದ್ದರು, ಟರ್ಬೈನಿನ ಯೋಚನೆ ಅವರಿಗಿರಲಿಲ್ಲ.

ಕಡೆಗೆ ತಮ್ಮನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆವು. ಅಂಗಡಿಯವರ ಲೆಕ್ಕದಲ್ಲಿ 12 ವೋಲ್ಟಿನ 150 ಎಎಚ್ ಬ್ಯಾಟರಿ ಎಂದರೆ 1,800 ವ್ಯಾಟ್ ಅವರ್. ಪೂರ್ತಿ ಬಸಿಯಬಾರದು, ಇನ್ವರ್ಟರಿನಲ್ಲಿ ಸ್ವಲ್ಪ ಸೋರುತ್ತದೆ, ಹಾಗಾಗಿ ಕೈಗೆ ಬರುವುದು ಸಾವಿರ ಸಾವಿರದ ನೂರು. ಎರಡು ಫ್ಯಾನು, ಐದು ಬಲ್ಬು ಎಂದರೆ 200 ವ್ಯಾಟ್, ಐದು ಗಂಟೆಗೆ ಖಾಲಿ. ಆದರೆ ತಾವು ಬೀಳುವ ಕಾಲದಲ್ಲಿ ಕಂಬಳಿ ಹೊದ್ದು ಕೂತಿರುವ ನಮಗೆ ಫ್ಯಾನೇಕೆ? ತೋಟಕ್ಕೆ ನೀರು ಬೇಡ, ಮನೆಗೆ ಸಾಕಾಗುವಷ್ಟು ಅಬ್ಬಿ ನೀರು ತಾನಾಗಿ ಬರುತ್ತದೆ. ಒಂಬತ್ತು ವ್ಯಾಟಿನ ಐದು ಬಲ್ಬೆಂದರೆ 45 ವ್ಯಾಟ್. ಇನ್ವರ್ಟರು ಸುಮ್ಮನೆ ಕೂತಿದ್ದರೂ ತನ್ನ ಖರ್ಚಿಗೆಂದು ಹತ್ತೋ ಹದಿನೈದೋ ವ್ಯಾಟ್ ತಿನ್ನುತ್ತದೆ, ಆದ್ದರಿಂದ ಮಲಗುವಾಗ ಅದನ್ನೇ ಆರಿಸಬೇಕು. ಸಂಜೆಗೆ ಐದು ಗಂಟೆ ಉರಿಸಿದರೂ ಮೂರು ರಾತ್ರಿ ಧಾರಾಳ. ಫ್ರಿಜ್ಜನ್ನು ಇದರ ಲೆಕ್ಕದಿಂದ ಕೈಬಿಟ್ಟೆವು. ಅದು ಶುರುವಾಗುವಾಗ ಎಳೆಯುವ ರಭಸಕ್ಕೆ ಸಣ್ಣ ಇನ್ವರ್ಟರು ಕೈಚೆಲ್ಲುತ್ತದೆ. ವೈಫೈಯನ್ನೂ ಬಿಟ್ಟೆವು, ಆ ಫೈಬರು ಬರುವುದೂ ತಮ್ಮ ಪಕ್ಕದ ಕಂಬದ ಮೇಲೆಯೇ, ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆಯಲ್ಲಿ ಕೈಕೊಡುತ್ತದೆ. ನಾಲ್ಕನೇ ದಿನಕ್ಕೆಂದು ಅಂಗಳದ ಅಂಚಿನಲ್ಲಿ, ನೆರಳು ತಾಗದ ಕಡೆ, ಒಂದು ಸಣ್ಣ ಸೋಲಾರ್ ಪ್ಯಾನಲ್ಲು ನಿಲ್ಲಿಸಿದ್ದೇವೆ. ಸಿಡಿಲಿನ ಕಾಲಕ್ಕೆ ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಗುಂಡಿಯನ್ನೂ ಹೊಸದಾಗಿ ತೋಡಿದ್ದಾಗಿದೆ. ಒಂದೇ ಬ್ಯಾಟರಿ ಸಾಕೆಂದಾಗ ಅಂಗಡಿಯವರಿಗೆ ಸ್ವಲ್ಪ ಬೇಸರವಾಯಿತು. ಅವರು ನಮಗಾಗಿ ಎರಡು ಬ್ಯಾಟರಿಯದ್ದನ್ನು ತೆಗೆದಿಟ್ಟಿದ್ದರು.

ಈ ಎಲ್ಲ ಲೆಕ್ಕವೂ ತಾವು ಮೂರು ನಾಲ್ಕು ದಿನದವರು ಎಂಬ ನಂಬಿಕೆಯ ಮೇಲೆ ನಿಂತಿದೆ. ಆದ್ದರಿಂದ ತಮ್ಮಲ್ಲಿ ಕೋರಿಕೆ ಇಷ್ಟು. ಬೀಳುವುದಾದರೆ ತಂತಿಯ ಮೇಲೆ ಬೀಳಿ, ದಯವಿಟ್ಟು ಟಿಸಿಯ ಮೇಲೆ ಬೇಡ. ತಂತಿಯನ್ನು ನಾಳೆ ನಾಡಿದ್ದು ಎಳೆಯುತ್ತಾರೆ, ಟಿಸಿ ಸುಟ್ಟರೆ ಸರದಿಯಲ್ಲಿ ನಿಲ್ಲಬೇಕು. ಬೆಳಗಿನ ಹೊತ್ತು ಬಿದ್ದರೆ ಗರಗಸದವರು ಸಿಗುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ಗಾಳಿಗೆ ಮೈಕೊಡಬೇಡಿ. ಕಂಬವನ್ನು ಜೊತೆಗೆ ಕರೆದೊಯ್ಯುವ ಅಭ್ಯಾಸವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳಿ. ತಮ್ಮನ್ನು ಮೊದಲೇ ಕಡಿಸೋಣವೆಂದು ವಿಚಾರಿಸಿದೆವು. ನಿಂತ ಮರ ಅರಣ್ಯದವರದ್ದು, ಬಿದ್ದ ಮರ ಕರೆಂಟಿನವರದ್ದು ಎಂದು ಉತ್ತರ ಬಂದಿದೆ.

ಇಂತಿ ತಮ್ಮ ವಿಧೇಯ,
ಫೀಡರಿನ ಕೊನೆಯ ಕಂಬದ ಗ್ರಾಹಕ

ಪ್ರತಿ:
ಟಿಸಿ ಪಕ್ಕದ ಹಲಸಿನ ಮರದವರಿಗೆ, ಮಾಹಿತಿಗಾಗಿ.
ಈಗಾಗಲೇ ತಂತಿಗೆ ಒರಗಿರುವ ಬಿದಿರು ಮೆಳೆಯವರಿಗೆ, ತುರ್ತು ಗಮನಕ್ಕಾಗಿ.
ಕಚೇರಿ ಪ್ರತಿ.