ಕಹಳಾ ಮೀಮಾಂಸೆ, ಅಥವಾ ಜಂಗಮಕೋಟೆ ಸೀಮೆಯ ಟ್ರಂಪೆಟ್ಟಿನವರು

ಕನ್ನಡಿಗರೆಲ್ಲರೂ ಹುಟ್ಟಾ ಕಹಳೆಗಾರರು ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪ್ರಮಾಣ ಬೇಕೆನ್ನುವವರು 1260ರ ಸುಮಾರಿನ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಬಿಚ್ಚಿ ನೋಡಬಹುದು. ಜೀವಕ್ಕೆ ಮಾತಾಡುವ ಇಷ್ಟ ಹುಟ್ಟಬೇಕು, ಒಳಗಿನ ಗಾಳಿ ಅನುಕೂಲವಾಗಿರಬೇಕು. ಆಗ ಹೊಕ್ಕುಳ ಬುಡದಿಂದ ಶಬ್ದದ್ರವ್ಯವು ಕಹಳೆಯ ರೀತಿಯಲ್ಲಿ ಏಳುತ್ತದೆ, ಅದರ ಬಣ್ಣ ಬಿಳುಪು ಎಂದು ಆತ ಸೂತ್ರ ಕಟ್ಟಿದ್ದಾನೆ. ಏಳೂವರೆ ಶತಮಾನದಿಂದ ವೈಯಾಕರಣರು ಇದನ್ನು ಉಪಮೆ ಎಂದುಕೊಂಡು ಸಂಧಿಪ್ರಕರಣದ ಕಡೆಗೆ ಓಡುತ್ತಿದ್ದಾರೆ. ಉಪಮೆಯಲ್ಲ, ಇದು ಕಸುಬಿನ ಪಾಠ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಕಡೆಯ ಮದುವೆಗಳಿಗೆ ಬರುವ ಬ್ಯಾಂಡ್ ಸೆಟ್ಟಿನಲ್ಲಿ ಹೊಸಬನೊಬ್ಬ ಕೆನ್ನೆ ಉಬ್ಬಿಸಿ ಏದುಸಿರು ಬಿಡುತ್ತಿದ್ದರೆ ಮಾಸ್ಟರ್ ಹೇಳುವುದೂ ಅದನ್ನೇ: “ಕೆನ್ನೇಲಿ ಊದಬ್ಯಾಡ ಕಣೋ, ಹೊಟ್ಟೇಲಿ ಊದು.” ಮಾಸ್ಟರ್ ಕೇಶಿರಾಜನನ್ನು ಓದಿಲ್ಲ. ಕೇಶಿರಾಜನಂತೂ ಬ್ಯಾಂಡ್ ಸೆಟ್ ಕೇಳಿರಲಿಕ್ಕಿಲ್ಲ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಯಾವ ಕೋರ್ಟಾದರೂ ಒಪ್ಪಲೇಬೇಕು.

ಬಿಳುಪಿನ ವಿಷಯ ಮಾತ್ರ ತೊಡಕಿನದು. ಬ್ಯಾಂಡಿನವರ ಕೋಟು ಕೆಂಪು, ಭುಜದ ಮೇಲಿನ ಜರಿ ಹಳದಿ, ವಾದ್ಯ ಹಿತ್ತಾಳೆ. ಬಿಳುಪೆಲ್ಲಿ? ಮಾಘಮಾಸದ ಬೆಳಗಿನ ಜಾವ ನಂದಿಬೆಟ್ಟದ ಕಡೆಯ ಚಳಿ ಇಳಿದುಬಂದಾಗ ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತು ನೋಡಿದರೆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಟ್ರಂಪೆಟ್ಟನ್ನು ತುಟಿಯಿಂದ ತೆಗೆದವನ ಬಾಯಿಂದ ಹೊರಬರುವ ಉಸಿರು ಅಪ್ಪಟ ಬಿಳಿ. ಈ ಹಬೆಯನ್ನು ಓದುಗರು ನೆನಪಿನಲ್ಲಿಡಬೇಕು. ಪ್ರಬಂಧದ ಕೊನೆಯಲ್ಲಿ ಅದು ನೀರಾಗಲಿದೆ.

ಇನ್ನು ಸ್ಥಳನಿರ್ಣಯ. ಜಂಗಮ ಎಂದರೆ ನಡೆಯುವುದು, ಕೋಟೆ ಎಂದರೆ ಕದಲದೆ ನಿಲ್ಲುವುದು. ಸ್ಥಾವರಕ್ಕೂ ಜಂಗಮಕ್ಕೂ ಇರುವ ವ್ಯತ್ಯಾಸವನ್ನು ಬಸವಣ್ಣನವರು ಅಷ್ಟು ಬಿಡಿಸಿ ಹೇಳಿದ ಮೇಲೂ ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ ಈ ಊರಿನ ಧೈರ್ಯಕ್ಕೆ ಕಾರಣವಿರಲೇಬೇಕು. ಸ್ಥಳನಾಮ ತಜ್ಞರು ಇದನ್ನು ಮಠ, ಮಾನ್ಯ, ಪಾಳೇಗಾರ ಎಂದು ಎಲ್ಲೆಲ್ಲೋ ಹುಡುಕಬಹುದು. ಈ ಪ್ರಬಂಧಕಾರನಿಗೆ ಉತ್ತರ ಸಿಕ್ಕಿದ್ದು ರಾತ್ರಿ ಹತ್ತು ಗಂಟೆಗೆ, ನಡುರಸ್ತೆಯಲ್ಲಿ. ಮುಂದೆ ಸೈಡ್ ಡ್ರಮ್ಮಿನ ಸಾಲು, ಎರಡೂ ಬದಿಗೆ ಟ್ಯೂಬ್‌ಲೈಟ್ ಹೊತ್ತವರು, ಹಿಂದೆ ಗಾಡಿಯ ಮೇಲೆ ಜನರೇಟರ್, ನಡುವೆ ಬಾಸಿಂಗ ಕಟ್ಟಿಕೊಂಡು ಕೂತ ಮದುಮಗ. ಒಳಗಿನವನು ಹೊರಬರುವಂತಿಲ್ಲ, ಹೊರಗಿನ ಬಸ್ಸು ಒಳನುಗ್ಗುವಂತಿಲ್ಲ. ನಡೆಯುವ ಕೋಟೆ ಎಂದರೆ ಇದಲ್ಲದೆ ಮತ್ತೇನು?

ಈ ಸಿದ್ಧಾಂತಕ್ಕೆ ಬೈಬಲ್ಲಿನಿಂದ ಒಂದು ಆಕ್ಷೇಪ ಬರಬಹುದು. ಯೆಹೋಶುವನ ಪುಸ್ತಕದಲ್ಲಿ ಏಳು ಮಂದಿ ಯಾಜಕರು ಟಗರಿನ ಕೊಂಬು ಊದುತ್ತ ಯೆರಿಕೋ ಕೋಟೆಯನ್ನು ಆರು ದಿನ ದಿನಕ್ಕೊಂದು ಸುತ್ತು, ಏಳನೆಯ ದಿನ ಏಳು ಸುತ್ತು, ಒಟ್ಟು 13 ಸುತ್ತು ಹಾಕಿದ ಮೇಲೆ ಗೋಡೆ ಬಿತ್ತು. ಅಂದಮೇಲೆ ಕಹಳೆ ಇರುವುದು ಕೋಟೆ ಕೆಡವಲಿಕ್ಕಲ್ಲವೇ? ಹೌದು, ಕದಲದ ಕೋಟೆಯ ಪಾಡು ಅದು. ಜಂಗಮಕೋಟೆ ಅಂಥ ಅಪಾಯವನ್ನು ಮುಂದಾಗಿ ಯೋಚಿಸಿ ತಾನೇ ಕಹಳೆಯ ಹಿಂದೆ ನಡೆಯತೊಡಗಿತು.

ವಾದ್ಯದ ಅಂಗಶಾಸ್ತ್ರ ಹೀಗಿದೆ. ಸುರುಳಿ ಬಿಡಿಸಿ ನೇರ ಮಾಡಿದರೆ ಬಿ ಫ್ಲ್ಯಾಟ್ ಟ್ರಂಪೆಟ್ಟಿನ ಕೊಳವೆ ಸುಮಾರು ಒಂದೂವರೆ ಮೀಟರ್, ಅಂದರೆ ಹೈಸ್ಕೂಲು ಹುಡುಗನೊಬ್ಬನ ಎತ್ತರ. ಗುಂಡಿ ಮೂರೇ. ಮೊದಲನೆಯದನ್ನು ಒತ್ತಿದರೆ ಸ್ವರ ಎರಡು ಅರೆಮೆಟ್ಟಿಲು ಇಳಿಯುತ್ತದೆ, ನಡುವಿನದಕ್ಕೆ ಒಂದು, ಮೂರನೆಯದಕ್ಕೆ ಮೂರು. ಲೆಕ್ಕಕ್ಕೆ ಎಂಟು ಜೋಡಣೆ ಬರಬೇಕು. ಆದರೆ ಮೊದಲಿನ ಎರಡನ್ನು ಕೂಡಿಸಿದರೂ ಮೂರನೆಯದೊಂದನ್ನೇ ಒತ್ತಿದರೂ ಇಳಿಯುವುದು ಮೂರೇ ಅರೆಮೆಟ್ಟಿಲಾದ್ದರಿಂದ ಉಳಿಯುವ ಉದ್ದ ಏಳು. ಏಳು ಎಂದ ಕೂಡಲೇ ಸಪ್ತಸ್ವರ, ಸಪ್ತರ್ಷಿ, ಸಪ್ತಪದಿ ಎಂದು ಹೊರಡುವ ವಿದ್ವಾಂಸರನ್ನು ಇಲ್ಲಿಯೇ ತಡೆಯಬೇಕು. ಈ ಏಳಕ್ಕೂ ಆ ಏಳಕ್ಕೂ ಯಾವ ನಂಟೂ ಇಲ್ಲ. ಒಂದೇ ಜೋಡಣೆಯಲ್ಲಿ ಅರ್ಧ ಡಜನ್ ಸ್ವರ ಹುಟ್ಟುತ್ತವೆ, ಅವುಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವುದು ಬೆರಳಲ್ಲ, ತುಟಿ. ಗುಂಡಿ ಬಂದದ್ದೇ ಮೊನ್ನೆಮೊನ್ನೆ: ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ಜರ್ಮನ್ನರು ಅದರ ಹಕ್ಕುಪತ್ರ ಪಡೆದದ್ದು 1818ರಲ್ಲಿ. ಅಲ್ಲಿಯವರೆಗೆ ಜಗತ್ತಿನ ಕಹಳೆಗಾರರೆಲ್ಲ ತುಟಿಯೊಂದನ್ನೇ ನಂಬಿ ಬದುಕಿದ್ದರು.

ತುಟಿಯೇ ಬಂಡವಾಳವಾದವನ ಸಂಕಟ ಬೇರೆ. ಬಾಯಿಯ ಸುತ್ತ ಉಂಗುರದಂತಿರುವ ಸ್ನಾಯು ಹೆಚ್ಚು ಹೊತ್ತಿನ ಒತ್ತಡಕ್ಕೆ ಹರಿದುಹೋಗುವುದುಂಟು. ವೈದ್ಯರು ಅದಕ್ಕೆ ಜಾಝ್ ಕಹಳೆಗಾರ ಲೂಯಿ ಆರ್ಮ್‌ಸ್ಟ್ರಾಂಗನ ಅಡ್ಡಹೆಸರನ್ನೇ ಇಟ್ಟು ‘ಸ್ಯಾಚ್ಮೊ ಸಿಂಡ್ರೋಮ್’ ಎನ್ನುತ್ತಾರೆ. ಕೆನ್ನೆ ಉಬ್ಬಿಸಬಾರದೆಂಬ ನಿಯಮವನ್ನು ಗಾಳಿಗೆ ತೂರಿ ಕಪ್ಪೆಯಂತೆ ಉಬ್ಬಿಸಿಯೇ ಜಗತ್ತನ್ನು ಗೆದ್ದ ಇನ್ನೊಬ್ಬ ಜಾಝ್ ಕಹಳೆಗಾರ ಡಿಜ್ಜಿ ಗಿಲೆಸ್ಪಿಯ ಉದಾಹರಣೆಯನ್ನು ಹೊಸಬರು ಮಾಸ್ಟರ್ ಎದುರು ಎತ್ತದಿರುವುದು ಕ್ಷೇಮ. 1953ರಲ್ಲಿ ಪಾರ್ಟಿಯೊಂದರಲ್ಲಿ ಯಾರೋ ಅವನ ಟ್ರಂಪೆಟ್ಟಿನ ಮೇಲೆ ಬಿದ್ದು ಅದರ ಬಾಯಿ ಮೇಲಕ್ಕೆ ಬಾಗಿತು. ಊದಿ ನೋಡಿದರೆ ಸದ್ದು ಅವನಿಗೆ ಹಿಡಿಸಿತು, ಮುಂದೆ ಹಾಗೆಯೇ ಮಾಡಿಸಿಕೊಂಡ. ನಮ್ಮ ಕಡೆಯ ಟ್ರಂಪೆಟ್ಟುಗಳೂ ಬಸ್ಸಿನ ಟಾಪಿನ ಮೇಲೆ, ಟೆಂಪೋದ ಮೂಲೆಯಲ್ಲಿ ನಾನಾ ದಿಕ್ಕಿಗೆ ಬಾಗಿಯೇ ಇರುತ್ತವೆ. ಅವಕ್ಕೆ ಯಾರೂ ಶೈಲಿ ಎಂದು ಹೆಸರಿಟ್ಟಿಲ್ಲ.

ಆದರೂ ಕಹಳೆಗಾರನ ಕುಲವೈರಿ ಸ್ನಾಯುವಲ್ಲ, ಹುಣಸೆಹಣ್ಣು. ಓಲಗದವರ ಕಾಲದಿಂದ ನಡೆದುಬಂದಿರುವ ಈ ಪ್ರಯೋಗದ ವಿಧಾನ ಸರಳ. ಹತ್ತು ವರ್ಷದ ಹುಡುಗನೊಬ್ಬ ಹುಣಸೆಹಣ್ಣಿನ ಉಂಡೆಗೆ ಉಪ್ಪು ಸವರಿ, ಊದುವವನ ಕಣ್ಣಿಗೆ ಸರಿಯಾಗಿ ಎದುರು ನಿಂತು, ಒಂದು ಕಣ್ಣು ಮುಚ್ಚಿ ಚಪ್ಪರಿಸಬೇಕು. ಊದುವವನ ಬಾಯಲ್ಲಿ ನೀರೂರುತ್ತದೆ, ತುಟಿ ಸಡಿಲವಾಗುತ್ತದೆ, ಕಲ್ಯಾಣಿ ರಾಗ ಕಲ್ಯಾಣವಾಗದೆ ನಿಲ್ಲುತ್ತದೆ. ಹುಡುಗನನ್ನು ಓಡಿಸಲು ಊದುವವನಿಗೆ ಬಾಯಿಯೂ ಇಲ್ಲ, ಕೈಯೂ ಇಲ್ಲ; ಎರಡೂ ವಾದ್ಯದ ಮೇಲಿವೆ. ಇಲ್ಲಿಯೇ ಬ್ಯಾಂಡಿನವರ ಸ್ನೇಹಧರ್ಮ ಪ್ರಕಟವಾಗುವುದು: ಡೋಲಿನವನು ತಾಳ ತಪ್ಪದೆ ಎರಡು ಹೆಜ್ಜೆ ಮುಂದೆ ಬಂದು, ಕೋಲನ್ನು ಒಂದು ಮಾತ್ರೆಯ ಮಟ್ಟಿಗೆ ಹುಡುಗನ ಕಡೆ ತಿರುಗಿಸಿ, ಮತ್ತೆ ಡೋಲಿಗೆ ತರುತ್ತಾನೆ.

ಇದೇ ಸ್ನೇಹಧರ್ಮವನ್ನು ಯುರೋಪಿನವರು ಕಾಗದಕ್ಕಿಳಿಸಿದರು. 1623ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ತನ್ನ ಸಾಮ್ರಾಜ್ಯದ ಕಹಳೆ ಮತ್ತು ನಗಾರಿಯವರ ಸಂಘಕ್ಕೆ ಸನ್ನದು ಕೊಟ್ಟ. ಸಂಘದ ಹೊರಗಿನವರು ಕಹಳೆ ಮುಟ್ಟುವಂತಿರಲಿಲ್ಲ. ನಮ್ಮಲ್ಲಿ ಸನ್ನದಿಲ್ಲ, ಕಟ್ಟಳೆಗಳಿವೆ. ಇಬ್ಬರು ಟ್ರಂಪೆಟ್ಟಿನವರಿದ್ದರೆ ಒಟ್ಟಿಗೆ ಉಸಿರು ತೆಗೆದುಕೊಳ್ಳಬಾರದು. ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ಪಲ್ಲವಿ ಹಿಡಿದಿರಬೇಕು. ಬೀಡಿ ಹಂಚಿಕೊಳ್ಳಬಹುದು, ಟೀ ಹಂಚಿಕೊಳ್ಳಬಹುದು, ಮುಂಗಡವನ್ನೂ ಹಂಚಿಕೊಳ್ಳಬಹುದು, ಮೌತ್‌ಪೀಸ್ ಕೊಡುವಂತಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮುಹೂರ್ತವಿಲ್ಲದೆ ಬೇರೆ ಕೂಲಿ ಹುಡುಕುವಾಗ ಒಬ್ಬನಿಗೆ ಕೆಲಸ ಸಿಕ್ಕರೆ ಇನ್ನೊಬ್ಬನಿಗೂ ಹೇಳಬೇಕು. ಆ ತಿಂಗಳುಗಳಲ್ಲಿ ವಾದ್ಯವನ್ನು ಸುಮ್ಮನೆ ಮೂಲೆಗಿಟ್ಟರೆ ಗುಂಡಿ ಕಚ್ಚಿಕೊಳ್ಳುತ್ತದೆ, ಎಣ್ಣೆ ಬಿಡಬೇಕು. ಈ ವಿಷಯದಲ್ಲಿ ಈಜಿಪ್ಟಿನ ಟುಟಂಖಾಮನ್ ಪುಣ್ಯವಂತ. ಅವನ ಗೋರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷ ಮಲಗಿದ್ದ ಕಹಳೆಗಳನ್ನು 1939ರಲ್ಲಿ ಸಿಪಾಯಿಯೊಬ್ಬ ಬಿಬಿಸಿ ರೇಡಿಯೋದಲ್ಲಿ ಊದಿದ; ಅವು ಕೂಗಿದವು. ಅವಕ್ಕೆ ಗುಂಡಿ ಇರಲಿಲ್ಲ.

ಬಾಯಿಯಿಂದಲೇ ಹೊಟ್ಟೆ ಹೊರೆಯುವ ಇನ್ನೊಂದು ಜೀವಿ ಈ ಸೀಮೆಯಲ್ಲಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಾಗಿ ಬರುವ ರೇಷ್ಮೆಹುಳು ತುಟಿಯ ಬಳಿಯ ಸಣ್ಣ ರಂಧ್ರದಿಂದ ಸುಮಾರು ಒಂದು ಕಿಲೋಮೀಟರ್ ಎಳೆಯನ್ನು ಉಸಿರು ಕಡಿಯದೆ ಬಿಡುತ್ತದೆ. ಅದರ ಎಳೆಯನ್ನು ಮದುಮಗಳು ಉಡುತ್ತಾಳೆ, ಕಹಳೆಗಾರನ ಎಳೆ ಗಾಳಿಗೆ ಹೋಗುತ್ತದೆ.

ಟ್ರಂಪೆಟ್ಟು ಮಂಟಪದ ಹೊಸ್ತಿಲು ದಾಟಿ ಕಛೇರಿಯ ವೇದಿಕೆ ಹತ್ತಲಿಲ್ಲವೇಕೆ ಎಂಬುದು ಗಂಭೀರ ಪ್ರಶ್ನೆ. ಮೈಸೂರಿನಲ್ಲಿ ಸಂದರ್ಭವೇನೋ ಒದಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಓಟೊ ಶ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯಗೋಷ್ಠಿ ನಡೆಸುತ್ತಿದ್ದರೆ, ಪಕ್ಕದಲ್ಲೇ ಕರ್ನಾಟಕ ಬ್ಯಾಂಡು ಅಂಥವೇ ವಾದ್ಯಗಳಲ್ಲಿ ಕೀರ್ತನೆ ನುಡಿಸುತ್ತಿತ್ತು. ನಾಗಸ್ವರದ ಮನೆಯ ಹುಡುಗ ಕದ್ರಿ ಗೋಪಾಲನಾಥ್ ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. 2004ರಲ್ಲಿ ಪದ್ಮಶ್ರೀ ಬರುವ ಹೊತ್ತಿಗೆ ಆ ವಾದ್ಯ ಹುಟ್ಟಾ ದಕ್ಷಿಣ ಕನ್ನಡದ್ದೇ ಎಂಬಂತಾಗಿತ್ತು. ಅದೇ ಬ್ಯಾಂಡಿನಲ್ಲಿ ಟ್ರಂಪೆಟ್ಟೂ ಇತ್ತು, ಅದಕ್ಕೊಬ್ಬ ಕದ್ರಿ ಸಿಗಲಿಲ್ಲ. ಗಮಕವೇ ಅಡ್ಡಿ ಎನ್ನುವುದು ಪೂರ್ವಪಕ್ಷ: ಗುಂಡಿಯಿಂದ ಗುಂಡಿಗೆ ಹಾರುವ ಸ್ವರ ಜಾರುವುದು ಹೇಗೆ? ಗುಂಡಿಯನ್ನು ಅರ್ಧ ಒತ್ತಿ, ತುಟಿಯನ್ನು ಕೊಂಚ ಸಡಿಲಿಸಿ ಜಾರಿಸಬಹುದು ಎನ್ನುವುದು ಉತ್ತರಪಕ್ಷ. ಮೀರತ್ತಿನ ಜಲೀ ಕೋಠಿಯಲ್ಲಿ ತಯಾರಾಗಿ ಬಂದ ಅಗ್ಗದ ಪೀಪಿಯಲ್ಲಿ, ನೊಟೇಶನ್ನಿನ ಗಾಳಿಗಂಧವಿಲ್ಲದೆ, ಕಿವಿಯಲ್ಲಿ ಹಿಡಿದದ್ದನ್ನಷ್ಟೇ ನಂಬಿ ಮೆರವಣಿಗೆಯವರು ಇದನ್ನು ದಿನವೂ ಮಾಡುತ್ತಾರೆ. ‘ಆಕಸ್ಮಿಕ’ (1993) ಚಿತ್ರಕ್ಕೆ ಹಂಸಲೇಖ ಕೂಡಿಸಿದ, ರಾಜ್‌ಕುಮಾರ್ ಹಾಡಿದ ಆ ನಾಡಪ್ರೇಮದ ಹಾಡಿನಲ್ಲಿ ರಾಜ್ ದನಿ ಬಳುಕುವ ಕಡೆ ಟ್ರಂಪೆಟ್ಟೂ ಬಳುಕಲೇಬೇಕು. ಇಲ್ಲದಿದ್ದರೆ ಕುಣಿಯುವ ಹುಡುಗರು ಬಿಡುವುದಿಲ್ಲ. ಆ ಹಾಡು ಮುಗಿಯುತ್ತಲೇ ಹೆಣ್ಣಿನ ಕಡೆಯವರು ತೆಲುಗಿನದೊಂದು ಕೇಳುತ್ತಾರೆ. ಈ ಸೀಮೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದು ವಾಡಿಕೆ. ಹಿತ್ತಾಳೆಗೆ ಭಾಷೆಯಿಲ್ಲದ್ದರಿಂದ ಎರಡು ಕಡೆಯ ಬೀಗರೂ ಒಂದೇ ಉಸಿರಿನಲ್ಲಿ ತೃಪ್ತರಾಗುತ್ತಾರೆ.

ಈಗ ಡಿಜೆ ಬಂದಿದೆ. ಲಾರಿಯಷ್ಟು ದೊಡ್ಡ ಪೆಟ್ಟಿಗೆಗಳು ಊರಿನ ಕಿಟಕಿಗಳನ್ನೆಲ್ಲ ನಡುಗಿಸುತ್ತವೆ. ಊದುವುದನ್ನು ಕೊಟ್ಟು ಬಾರಿಸುವುದನ್ನು ತಗೊಂಡ ಹಾಗೆ ಎಂದು ಹಿರಿಯರು ಆಡುತ್ತಿದ್ದದ್ದು ಮುಂದಾಗುವುದನ್ನು ಕಂಡೇ ಇರಬೇಕು. ಡಿಜೆಗೆ ಹುಣಸೆಹಣ್ಣು ತಗಲುವುದಿಲ್ಲ. ಅದರ ಏಕೈಕ ಗುಣ ಅದು.

ಕೊನೆಯದಾಗಿ ನೀರಿನ ಪ್ರಕರಣ. ಕಹಳೆಗೆ ನೀರು ಹೊಕ್ಕರೆ ಏನಾಗುತ್ತದೆಂದು ಕನ್ನಡದ ಮಕ್ಕಳಿಗೆಲ್ಲ ಕಲಿಸಿದವರು ಜಿ. ಪಿ. ರಾಜರತ್ನಂ. ಅವರ ಪದ್ಯದ ಕಸ್ತೂರಿ ಜಂಬದಿಂದ ಊದುತ್ತ ಕೊಳದ ಬಳಿ ಹೋದಾಗ ತುತ್ತೂರಿ ನೀರಿಗೆ ಜಾರಿ ಗಂಟಲು ಕಟ್ಟಿಕೊಂಡಿತು. ಇದನ್ನು ಗರ್ವಭಂಗದ ಕಥೆಯೆಂದು ಓದಿದವರೇ ಎಲ್ಲ. ವಾಸ್ತವದಲ್ಲಿ ಇದು ಕಸ್ತೂರಿಯ ತುತ್ತೂರಿಗೆ ನೀರು ಬಿಡುವ ಕೀಲಿ ಇರಲಿಲ್ಲ ಎಂಬ ತಾಂತ್ರಿಕ ವರದಿ. ಮೇಲಾಗಿ ಅವನು ಜಂಗಮಕೋಟೆಯವನಾಗಿದ್ದರೆ ಅನಾಹುತವೇ ಆಗುತ್ತಿರಲಿಲ್ಲ. ಬೋರ್‌ವೆಲ್ಲು ಸಾವಿರ ಅಡಿ ದಾಟಿದರೂ ಬರೀ ದೂಳು ಬಂದ ಸೀಮೆ ಇದು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಪೈಪಿನಲ್ಲಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಯೋಜನೆ ಬರುವವರೆಗೂ ತುತ್ತೂರಿ ಜಾರಿ ಬಿದ್ದರೆ ಸಿಗುತ್ತಿದ್ದದ್ದು ಜಾಲಿಮುಳ್ಳು.

ಟ್ರಂಪೆಟ್ಟಿನಲ್ಲಿ ತುಂಬುವುದು ಉಗುಳೆಂದು ಜನ ಮೂಗು ಮುರಿಯುತ್ತಾರೆ. ಬಹುಪಾಲು ಅದು ಕೇಶಿರಾಜನ ಬಿಳಿಯ ಹಬೆಯೇ. ತಣ್ಣಗಿನ ಹಿತ್ತಾಳೆ ತಾಗಿ ನೀರಾಗಿರುತ್ತದೆ. ಒಂದು ಘನಮೀಟರ್ ಉಸಿರಿನಲ್ಲಿ ಹೆಚ್ಚುಕಡಿಮೆ 40 ಗ್ರಾಂ ನೀರು, ಎಂಟು ಟೀ ಚಮಚದಷ್ಟು. ಲಗ್ನದ ಕಾಲದಲ್ಲಿ ಜಿಲ್ಲೆಯ ಟ್ರಂಪೆಟ್ಟಿನವರನ್ನೆಲ್ಲ ಕೆರೆಯ ಏರಿಗಳ ಮೇಲೆ ಸಾಲಾಗಿ ನಿಲ್ಲಿಸಿದರೆ ಅಂತರ್ಜಲ ಎಷ್ಟು ಅಂಗುಲ ಏರೀತು ಎಂದು ಪ್ರಬಂಧಕಾರ ಲೆಕ್ಕ ಹಾಕುತ್ತ ಛತ್ರದ ಮುಂದೆ ಚೀಟಿ ಹಿಡಿದು ನಿಂತಿದ್ದ. ಮೆರವಣಿಗೆ ಬಂದು ಮುಟ್ಟಿತು. ಟ್ರಂಪೆಟ್ಟಿನವನು ವಾದ್ಯ ಬಗ್ಗಿಸಿ, ಕೀಲಿ ಒತ್ತಿ, ಬುಸ್ ಎಂದು ಊದಿದ. ನಾಲ್ಕು ಹನಿ ಮಣ್ಣಿಗೆ ಬಿದ್ದವು. ಐದನೆಯದಕ್ಕೆ ಪ್ರಬಂಧಕಾರ ಬಗ್ಗಿ ಕಾಯುತ್ತಿರುವಾಗಲೇ ಡೋಲಿನವನು ಒಳಗಿನಿಂದ ಕೂಗಿದ: “ಅಣ್ಣೋ, ಕಡೇ ಪಂಕ್ತಿಗೆ ಎಲೆ ಹಾಕ್ತಾವ್ರೆ, ಬೇಗ ಬಾ!”